ಸೇವ್ ಮಾಡಿಟ್ಟ ಆಟವನ್ನು ಮತ್ತೆ ಮತ್ತೆ ಲೋಡ್ ಮಾಡಿ ಗೆದ್ದರೆ ಅದು ಗೆಲುವೇ?

ಸರಸ್ವತಿಪುರದ ಸೇನಾನಿ (ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎರಡು ವಾರಗಳಿಂದ ಒಂದು ಜಗಳ ಬಗೆಹರಿಯದೆ ಉಳಿದಿದೆ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ, ಅನುಭವವಿದ್ದವರು ದಯವಿಟ್ಟು ಹೇಳಿ.

ನಾನೂ ನನ್ನ ತಮ್ಮನೂ ಒಂದೇ ಕಂಪ್ಯೂಟರಿನಲ್ಲಿ ಆಡುವವರು. ಯೋಧರ ತಂಡವನ್ನು ಸರದಿಯ ಪ್ರಕಾರ ನಡೆಸಿ ಅನ್ಯಗ್ರಹದವರೊಡನೆ ಕಾದಾಡುವ 2012ರ ಎಕ್ಸ್‌ಕಾಮ್: ಎನಿಮಿ ಅನ್‌ನೋನ್ ಹಳೆಯದಾದರೂ ನಮ್ಮ ಕಂಪ್ಯೂಟರಿಗೆ ಅದೇ ಹೊಂದುತ್ತದೆ. ಕಳೆದ ತಿಂಗಳು ಅದನ್ನು ಕ್ಲಾಸಿಕ್ ಎಂಬ ಕಠಿಣ ಮಟ್ಟದಲ್ಲಿ ಕೊನೆಯವರೆಗೂ ಆಡಿ ಮುಗಿಸಿದೆ. ಆದರೆ ನಾನು ಮುಗಿಸಿದ್ದೇನೆ ಎಂಬುದನ್ನು ತಮ್ಮ ಒಪ್ಪುತ್ತಿಲ್ಲ. "ಅಣ್ಣ, ನೀನು ಗೆದ್ದಿಲ್ಲ, ಸೋತದ್ದನ್ನೆಲ್ಲ ಅಳಿಸಿದ್ದೀಯ ಅಷ್ಟೆ" ಎನ್ನುತ್ತಾನೆ.

ಅವನ ಆಕ್ಷೇಪ ಮುಖ್ಯವಾಗಿ ಒಂದು ಮಿಷನ್‌ನ ಮೇಲೆ. ನನ್ನ ತಂಡದ ಅಸಾಲ್ಟ್ ಯೋಧನಿಗೆ (ಹತ್ತಿರ ಹೋಗಿ ಹೊಡೆಯುವವನು) ತಮ್ಮನ ಹೆಸರನ್ನೇ ಇಟ್ಟಿದ್ದೆ. ರೂಕಿಯಾಗಿ, ಅಂದರೆ ಹೊಸಬನಾಗಿ, ಸೇರಿದವನು ಕರ್ನಲ್ ಹುದ್ದೆಯವರೆಗೆ ಬೆಳೆದಿದ್ದ. ಆ ದಿನ ಅವನಿಗೆ ಮೊದಲೇ ಗಾಯವಾಗಿತ್ತು. ನಿಂತಿದ್ದ ಕಾರಿನ ಮರೆಯಲ್ಲಿ ಮ್ಯೂಟನ್ ಎಂಬ ಅನ್ಯಗ್ರಹದ ಶತ್ರು ಇತ್ತು. ನನ್ನ ಯೋಧನನ್ನು ಅದರ ಪಕ್ಕದಿಂದ ಬಳಸಿಕೊಂಡು ಹೋಗುವಂತೆ ಕಳುಹಿಸಿ ಶಾಟ್‌ಗನ್ ಎತ್ತಿಸಿದಾಗ, ಗುಂಡು ತಾಗುವ ಸಾಧ್ಯತೆ ಶೇಕಡಾ 85 ಎಂದು ಪರದೆಯ ಮೇಲೆ ಬಂತು. ಗುಂಡು ಹಾರಿತು, ಕಾರಿನ ಗಾಜು ಪುಡಿಯಾಯಿತು, ಮ್ಯೂಟನ್‌ಗೆ ಏನೂ ಆಗಲಿಲ್ಲ. ಅದು ತಿರುಗಿ ಒಂದೇ ಏಟಿಗೆ ಅವನನ್ನು ಕೆಡವಿತು. ನಾನು ಆ ಸರದಿಯ ಆರಂಭದ ಸೇವ್ ಅನ್ನು ಲೋಡ್ ಮಾಡಿದೆ, ಅದೇ ಜಾಗಕ್ಕೆ ಕಳುಹಿಸಿದೆ, ಅದೇ ಗುಂಡು ಮತ್ತೆ ತಪ್ಪಿತು. ಹೀಗೆ ಹತ್ತು ಬಾರಿ ಲೋಡ್ ಮಾಡಿದರೂ ಹತ್ತು ಬಾರಿಯೂ ತಪ್ಪಿತು. ಹನ್ನೊಂದನೆಯ ಬಾರಿ ಬೇಸತ್ತು ಮೊದಲು ಸ್ನೈಪರ್‌ನಿಂದ ಬೇರೊಂದು ಶತ್ರುವಿಗೆ ಹೊಡೆಸಿ, ಆಮೇಲೆ ಇವನಿಂದ ಹೊಡೆಸಿದೆ, ಮ್ಯೂಟನ್ ಬಿತ್ತು. ತಮ್ಮ ಹಿಂದೆ ಕುಳಿತು ಇದನ್ನೆಲ್ಲ ನೋಡುತ್ತಿದ್ದ.

ನನ್ನ ಪ್ರಶ್ನೆಗಳು ಎರಡು. ಶೇಕಡಾ 85 ಎಂದು ತೋರಿಸಿದ ಗುರಿ ಹತ್ತು ಬಾರಿ ಒಂದೇ ರೀತಿ ಹೇಗೆ ತಪ್ಪುತ್ತದೆ? ಮತ್ತು ಒಬ್ಬನೇ ಕುಳಿತು ಆಡುವ ಆಟದಲ್ಲಿ, ಎದುರಾಳಿ ಯಾರೂ ಇಲ್ಲದಿರುವಾಗ, ನಾನು ಯಾರಿಗೆ ಮೋಸ ಮಾಡಿದಂತಾಯಿತು?

ಮದ್ದೂರಿನ ಮರಿಹುಲಿ

ಯಾರಿಗೂ ಮೋಸವಾಗಿಲ್ಲ. ನಿಮ್ಮ ದುಡ್ಡು ಕೊಟ್ಟು ಕೊಂಡ ಆಟ, ನಿಮ್ಮ ರಜೆಯ ದಿನ. ತಮ್ಮನಿಗೆ ಇಷ್ಟವಿಲ್ಲದಿದ್ದರೆ ಅವನು ಬೇರೆ ರೀತಿಯಲ್ಲಿ ಆಡಿಕೊಳ್ಳಲಿ.

ಕೋಡ್ ಕುಟ್ಟುವವ (ಹೆಬ್ಬಾಳ, ಮೈಸೂರು)

ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ, ಸೇನಾನಿಯವರೇ. ಕಂಪ್ಯೂಟರ್ ಪ್ರತಿ ಗುಂಡಿಗೂ ಹೊಸದಾಗಿ ದಾಳ ಉರುಳಿಸುವುದಿಲ್ಲ. ಸೀಡ್ ಎಂಬ ಒಂದು ಆರಂಭದ ಸಂಖ್ಯೆಯಿಂದ ಲೆಕ್ಕ ಹಾಕಿ ಸಾಲಾಗಿ ಸಂಖ್ಯೆಗಳನ್ನು ಹೊರಡಿಸುತ್ತದೆ. ಸೀಡ್ ಒಂದೇ ಆಗಿದ್ದರೆ ಸಾಲೂ ಒಂದೇ. ಕಲಸಿ ಮುಚ್ಚಿಟ್ಟ ಇಸ್ಪೀಟ್ ಕಟ್ಟು ಇದ್ದಂತೆ ಎಂದುಕೊಳ್ಳಿ: ಮೇಲಿನ ಎಲೆ ಯಾವುದೆಂದು ನಿಮಗೆ ಗೊತ್ತಿಲ್ಲ, ಆದರೆ ಅದು ಆಗಲೇ ನಿಗದಿಯಾಗಿದೆ. ಎನಿಮಿ ಅನ್‌ನೋನ್ ನಿಮ್ಮ ಸೇವ್ ಜೊತೆಗೆ ಆ ಕಟ್ಟನ್ನೂ ಹಾಗೆಯೇ ಉಳಿಸಿಡುತ್ತದೆ. ಲೋಡ್ ಮಾಡಿ ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿದರೆ ಅದೇ ಎಲೆ ಬರುತ್ತದೆ. ನೀವು ಹನ್ನೊಂದನೆಯ ಬಾರಿ ಸ್ನೈಪರ್‌ನಿಂದ ಮೊದಲು ಹೊಡೆಸಿದಾಗ ಆ ಕೆಟ್ಟ ಎಲೆ ಸ್ನೈಪರ್ ಪಾಲಿಗೆ ಹೋಗಿ, ಮುಂದಿನ ಎಲೆ ನಿಮ್ಮ ಕರ್ನಲ್‌ಗೆ ಸಿಕ್ಕಿತು. ಆ ಸ್ನೈಪರ್‌ನ ಗುರಿ ತಪ್ಪಿತ್ತೇ ಎಂದು ನೆನಪು ಮಾಡಿಕೊಂಡು ನೋಡಿ.

ಬೇಕೆಂದರೆ ಇದನ್ನು ಬದಲಾಯಿಸುವುದಕ್ಕೂ ಅವಕಾಶವಿದೆ. 2013ರ ಎನಿಮಿ ವಿದಿನ್ ವಿಸ್ತರಣೆ ಇದ್ದರೆ, ಆಟದ ನಿಯಮಗಳನ್ನು ಬದಲಾಯಿಸುವ ಸೆಕೆಂಡ್ ವೇವ್ ಆಯ್ಕೆಗಳಲ್ಲಿ "ಸೇವ್ ಸ್ಕಮ್" ಎಂಬ ಹೆಸರಿನದೇ ಒಂದಿದೆ. ಅದನ್ನು ಹಾಕಿಕೊಂಡರೆ ಪ್ರತಿ ಬಾರಿ ಲೋಡ್ ಮಾಡಿದಾಗಲೂ ಕಟ್ಟನ್ನು ಹೊಸದಾಗಿ ಕಲಸಲಾಗುತ್ತದೆ. ಸಾಮ್ರಾಜ್ಯ ಕಟ್ಟುವ ಆಟವಾದ 2005ರ ಸಿವಿಲೈಸೇಷನ್ 4ರಲ್ಲಿಯೂ ಆಟ ಆರಂಭಿಸುವಾಗಲೇ ಇಂಥ ಆಯ್ಕೆ ಇತ್ತು. ಅಂದರೆ ಆಟ ಮಾಡಿದವರಿಗೇ ಈ ವಿಷಯ ಚೆನ್ನಾಗಿ ಗೊತ್ತು, ತೀರ್ಮಾನವನ್ನು ಅವರು ಆಡುವವರಿಗೇ ಬಿಟ್ಟಿದ್ದಾರೆ.

ಸರಸ್ವತಿಪುರದ ಸೇನಾನಿ (ಮೈಸೂರು)

ನೀವು ಹೇಳಿದ ಮೇಲೆ ನೆನಪಾಯಿತು. ಹೌದು, ಸ್ನೈಪರ್‌ನ ಗುರಿ ತಪ್ಪಿತ್ತು.

ಚೌಕಾಬಾರ (ಶ್ರೀರಂಗಪಟ್ಟಣ)

ಮರಿಹುಲಿಯವರ ಮಾತನ್ನು ನಾನು ಒಪ್ಪುವುದಿಲ್ಲ. ಎದುರಾಳಿ ಇಲ್ಲದಿದ್ದ ಮಾತ್ರಕ್ಕೆ ನಿಯಮವೂ ಇಲ್ಲವೆಂದಾಗುವುದಿಲ್ಲ.

ನಮ್ಮ ಅಜ್ಜಿಯ ಮನೆಯ ಜಗಲಿಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಕೆತ್ತಿಸಿದ್ದರು, ಐದು ಸಾಲು ಐದು ಮನೆ. ಕವಡೆ ಸಿಗದಿದ್ದರೆ ಹುಣಸೆ ಬೀಜವನ್ನು ಅದೇ ಕಲ್ಲಿಗೆ ಒಂದು ಕಡೆ ಉಜ್ಜಿ ಬಿಳಿ ಮಾಡಿಕೊಳ್ಳುತ್ತಿದ್ದೆವು. ನಮ್ಮ ಮನೆಯಲ್ಲಿ ಒಂದು ನಿಯಮವಿತ್ತು: ಕವಡೆಯ ಮೇಲೆ ಕವಡೆ ಕುಳಿತರೆ ಅಥವಾ ಒಂದು ಕವಡೆ ಜಗಲಿಯಿಂದ ಕೆಳಗೆ ಬಿದ್ದರೆ ಮತ್ತೆ ಹಾಕಬೇಕು. ಅದು ಎಲ್ಲರಿಗೂ ಒಂದೇ, ಅಷ್ಟ ಬಿದ್ದಿದ್ದರೂ ಅಷ್ಟೆ, ಒಂದು ಬಿದ್ದಿದ್ದರೂ ಅಷ್ಟೆ. ಬೇಡವಾದ ಗರ ಬಿತ್ತು ಎಂಬ ಕಾರಣಕ್ಕೆ "ಕೈ ಜಾರಿತು, ಇನ್ನೊಮ್ಮೆ ಹಾಕುತ್ತೇನೆ" ಎಂದವರ ಕೈಯಿಂದ ಅಜ್ಜಿ ಕವಡೆ ಕಿತ್ತುಕೊಳ್ಳುತ್ತಿದ್ದರು. ಎರಡು ಸಂದರ್ಭದಲ್ಲಿಯೂ ನಡೆಯುವುದು ಮತ್ತೆ ಹಾಕುವ ಕೆಲಸವೇ, ಆದರೆ ಒಂದು ನಿಯಮ, ಇನ್ನೊಂದು ಕಳ್ಳಾಟ. ಯಾವಾಗ ಮತ್ತೆ ಹಾಕಬಹುದು ಎಂಬುದನ್ನು ಕವಡೆ ಬೀಳುವ ಮೊದಲೇ ತೀರ್ಮಾನಿಸಿಕೊಂಡಿದ್ದೆವೋ, ಬಿದ್ದ ಮೇಲೆ ಮುಖ ನೋಡಿಕೊಂಡು ತೀರ್ಮಾನಿಸಿದೆವೋ ಎಂಬುದೊಂದೇ ವ್ಯತ್ಯಾಸ.

ಸೇನಾನಿಯವರೇ, ನೀವು ಆ ಮಿಷನ್ ಆರಂಭಿಸುವಾಗ "ಕರ್ನಲ್ ಸತ್ತರೆ ಲೋಡ್ ಮಾಡುತ್ತೇನೆ" ಎಂದು ನಿಮಗೆ ನೀವೇ ಹೇಳಿಕೊಂಡಿದ್ದಿರಾ?

ಸರಸ್ವತಿಪುರದ ಸೇನಾನಿ (ಮೈಸೂರು)

ಇಲ್ಲ ಮೇಡಂ. ಹೇಳಿಕೊಂಡಿರಲಿಲ್ಲ.

ಮದ್ದೂರಿನ ಮರಿಹುಲಿ

ಚೌಕಾಬಾರವನ್ನು ನಾಲ್ವರು ಎದುರುಬದುರು ಕುಳಿತು ಆಡುತ್ತಾರೆ. ಅಲ್ಲಿ ಕಳ್ಳಾಟವೆಂದರೆ ಇನ್ನೊಬ್ಬರ ಗೆಲುವನ್ನು ಕಿತ್ತುಕೊಂಡಂತೆ. ಇಲ್ಲಿ ಮ್ಯೂಟನ್ ಬಂದು ನ್ಯಾಯ ಕೇಳುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಲೆಕ್ಕದ ಮೇಡಂ (ಮೈಸೂರು)

ನಾನು ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ, ಇಪ್ಪತ್ತು ವರ್ಷಗಳಿಂದ ಸಿವಿಲೈಸೇಷನ್ ಸರಣಿಯನ್ನು ಆಡುತ್ತಿದ್ದೇನೆ. ನ್ಯಾಯ ಅನ್ಯಾಯದ ಮಾತು ಹಾಗಿರಲಿ, ಲೋಡ್ ಮಾಡುವ ಅಭ್ಯಾಸ ನಮ್ಮ ಅಂದಾಜನ್ನೇ ಕೆಡಿಸುತ್ತದೆ ಎಂಬುದು ನನ್ನ ಕಳವಳ.

ಶೇಕಡಾ 85 ಎಂದರೆ "ತಪ್ಪುವುದೇ ಇಲ್ಲ" ಎಂದು ಮನಸ್ಸು ಓದಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮಿಷನ್‌ನಲ್ಲಿ ಅಂಥ ಏಳು ಗುರಿಗಳನ್ನು ತೆಗೆದುಕೊಂಡರೆ ಏಳೂ ತಾಗುವ ಸಾಧ್ಯತೆ ಸುಮಾರು ಶೇಕಡಾ 32. ಅಂದರೆ ಮೂರು ಮಿಷನ್‌ಗಳಲ್ಲಿ ಎರಡರಲ್ಲಿ ಒಂದಾದರೂ ಗುಂಡು ತಪ್ಪಿಯೇ ತಪ್ಪುತ್ತದೆ. ತಪ್ಪಿದ ಮೇಲೆ ಏನು ಮಾಡಬೇಕೆಂದು ಯೋಚಿಸಿ ಇಟ್ಟುಕೊಳ್ಳುವುದೇ ಈ ಆಟದ ಜಾಣತನ. ಗಾಯಗೊಂಡವನನ್ನು ಮುಂದೆ ಕಳುಹಿಸಿ, ಆ ಗುಂಡು ತಪ್ಪಿದರೆ ಅವನಿಗೆ ಮರೆಯೇ ಇಲ್ಲದಂತೆ ನಿಲ್ಲಿಸಿದ್ದು ದುರದೃಷ್ಟವಲ್ಲ, ಸೇನಾನಿಯವರೇ, ಅದು ನೀವು ತೆಗೆದುಕೊಂಡ ತೀರ್ಮಾನ.

ಇನ್ನು ಲೋಡ್ ಮಾಡಿದಾಗಲೆಲ್ಲ ಕಟ್ಟನ್ನು ಹೊಸದಾಗಿ ಕಲಸುವ ಆಟಗಳಲ್ಲಿ ಏನಾಗುತ್ತದೆ ನೋಡಿ. ಶೇಕಡಾ 65ರ ಗುರಿ ತಪ್ಪಿದರೆ ಒಮ್ಮೆ ಮಾತ್ರ ಲೋಡ್ ಮಾಡುವವನಿಗೆ ಅದು ವಾಸ್ತವದಲ್ಲಿ ಸುಮಾರು ಶೇಕಡಾ 88ರ ಗುರಿಯಾಗುತ್ತದೆ. ಎರಡು ಬಾರಿ ಲೋಡ್ ಮಾಡುವವನಿಗೆ ಸುಮಾರು 96. ಅವನು ಕೆಟ್ಟ ಗುರಿಗಳನ್ನು ಒಳ್ಳೆಯ ಗುರಿಗಳೆಂದೇ ಕಲಿಯುತ್ತಾ ಹೋಗುತ್ತಾನೆ, ಕೊನೆಗೆ ಲೋಡ್ ಇಲ್ಲದೆ ಆಡಲು ಕುಳಿತಾಗ ಎರಡನೆಯ ಮಿಷನ್ ದಾಟುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಳೇ ಸೈಬರ್ (ಮಂಡ್ಯ)

ಆಟಗಳೇ ನಮಗೆ ಸುಳ್ಳು ಸಂಖ್ಯೆ ತೋರಿಸುತ್ತವೆ, ಮೇಡಂ. 85 ಎಂದು ತೋರಿಸಿ ಒಳಗೆ 60 ಇಟ್ಟಿರುತ್ತಾರೆ ಎಂದು ನನಗೆ ಬಹಳ ಹಿಂದಿನಿಂದಲೂ ಅನುಮಾನ.

ಕೋಡ್ ಕುಟ್ಟುವವ (ಹೆಬ್ಬಾಳ, ಮೈಸೂರು)

ಅನುಮಾನ ಸರಿ, ದಿಕ್ಕು ತಪ್ಪು. ಸಂಖ್ಯೆಗಳನ್ನು ತಿರುಚುವುದು ಉಂಟು, ಆದರೆ ಸಾಮಾನ್ಯವಾಗಿ ಆಡುವವನ ಪರವಾಗಿ. ಎಕ್ಸ್‌ಕಾಮ್ 2ರ ಸುಲಭ ಮಟ್ಟಗಳಲ್ಲಿ ತೋರಿಸುವ ಸಂಖ್ಯೆಗಿಂತ ಒಳಗೊಳಗೇ ಹೆಚ್ಚಿನ ಅನುಕೂಲ ಕೊಟ್ಟಿದ್ದಾರೆ. ಫೈರ್ ಎಂಬ್ಲೆಮ್ ಎಂಬ ಜಪಾನಿ ಯುದ್ಧತಂತ್ರದ ಆಟಗಳ ಸರಣಿಯಲ್ಲಿ 2002ರ ಬೈಂಡಿಂಗ್ ಬ್ಲೇಡ್‌ನಿಂದ ಮುಂದಕ್ಕೆ ಹಲವು ಆಟಗಳು ದಾಳ ಉರುಳಿಸಿದಂತೆ ಬಂದ ಒಂದು ಸಂಖ್ಯೆಯ ಬದಲು ಅಂಥ ಎರಡು ಸಂಖ್ಯೆಗಳ ಸರಾಸರಿ ತೆಗೆದುಕೊಳ್ಳುತ್ತವೆ. ಹಾಗಾಗಿ 75 ಎಂದು ತೋರಿಸಿದ ಗುರಿ ವಾಸ್ತವದಲ್ಲಿ ನೂರರಲ್ಲಿ ಸುಮಾರು 88 ಬಾರಿ ತಾಗುತ್ತದೆ.

ಕಾರಣವನ್ನು ಸಿವಿಲೈಸೇಷನ್ ರೂಪಿಸಿದ ಸಿಡ್ ಮೈಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್ ಭಾಷಣದಲ್ಲಿ ಚೆನ್ನಾಗಿ ವಿವರಿಸಿದ್ದರು. ಮೂರಕ್ಕೆ ಒಂದರಂತೆ ತಮ್ಮ ಕಡೆ ಬಲವಿದ್ದಾಗ ಸೋತರೆ ಆಡುವವರು ಅದನ್ನು ಅನ್ಯಾಯವೆನ್ನುತ್ತಾರೆ, ಆದರೆ ಒಂದಕ್ಕೆ ಮೂರರಂತೆ ಬಲ ಎದುರಾಳಿಯ ಕಡೆ ಇದ್ದಾಗ ತಾವು ಗೆದ್ದರೆ ಅದನ್ನು ಸಹಜವೆಂದೇ ಒಪ್ಪಿಕೊಳ್ಳುತ್ತಾರೆ. ಲೋಡ್ ಬಟನ್ ಒತ್ತುವ ಬೆರಳಿನ ಹಿಂದೆ ಇರುವುದೂ ಇದೇ ಭಾವನೆ. ಅದೃಷ್ಟದಿಂದ ತಾಗಿದ ಶೇಕಡಾ 30ರ ಗುರಿಯನ್ನು "ಇದು ನನಗೆ ಸಲ್ಲಬಾರದು" ಎಂದು ಲೋಡ್ ಮಾಡಿ ಅಳಿಸಿದವರನ್ನು ನಾನು ಈವರೆಗೆ ನೋಡಿಲ್ಲ.

ಕಬ್ಬಿನಗದ್ದೆ (ಮಂಡ್ಯ ತಾಲ್ಲೂಕು)

ಮೈಸೂರಿನವರು ಒಂದು ವಿಷಯವನ್ನು ಮರೆತು ಮಾತನಾಡುತ್ತಿದ್ದೀರಿ, ಅದು ಕರೆಂಟು. ನಮ್ಮದು ವಿ.ಸಿ. ನಾಲೆಯ ಬಯಲಿನ ಊರು. ಬೇಸಿಗೆಯಲ್ಲಿ ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಮಳೆ ಗಾಳಿ ಬಂದರೆ ಕಂಬ ಬಿದ್ದು ಎರಡು ದಿನ ಇರುವುದಿಲ್ಲ. ಸೇವ್ ಮಾಡುವುದು ನಮಗೆ ಆಟದ ತಂತ್ರವಲ್ಲ, ಬದುಕಿನ ಅಗತ್ಯ.

ನಾನೂ ಶುದ್ಧವಾಗಿ ಆಡಬೇಕೆಂದು ಎಕ್ಸ್‌ಕಾಮ್‌ನ ಐರನ್‌ಮ್ಯಾನ್ ಆಯ್ಕೆ ಹಾಕಿಕೊಂಡು ಆಡಿದವನೇ. ಅದರಲ್ಲಿ ಸೇವ್ ಇರುವುದು ಒಂದೇ, ಆಟವೇ ಅದರ ಮೇಲೆ ಅದನ್ನೇ ಬರೆಯುತ್ತಾ ಹೋಗುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲ. ರಾತ್ರಿ ಒಂಬತ್ತೂವರೆಗೆ ಒಂದು ಟೆರರ್ ಮಿಷನ್ ನಡೆಯುತ್ತಿತ್ತು. ಕ್ರಿಸಲಿಡ್ ಎಂಬ ಅನ್ಯಗ್ರಹದ ಜೀವಿಗಳು ಜನರನ್ನು ಕೊಂದು ಅವರನ್ನೇ ನನ್ನ ಮೇಲೆ ಎಬ್ಬಿಸುತ್ತಿದ್ದವು. ಆರು ಜನರಲ್ಲಿ ಮೂವರು ಉಳಿದಿದ್ದರು, ಆದರೂ ಗೆಲ್ಲುವ ಹಾಗಿತ್ತು. ಪರದೆಯ ಮೂಲೆಯಲ್ಲಿ ಸೇವ್ ಆಗುತ್ತಿರುವ ಗುರುತು ಮಿನುಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಯು.ಪಿ.ಎಸ್. ಬ್ಯಾಟರಿ ಹಳತಾಗಿತ್ತು, ಒಮ್ಮೆ ಕೀ ಎಂದು ಕೂಗಿ ಸುಮ್ಮನಾಯಿತು. ಬೆಳಿಗ್ಗೆ ತೆರೆದು ನೋಡಿದರೆ ಫೈಲ್ ಅರ್ಧ ಬರೆದು ಕೆಟ್ಟುಹೋಗಿದೆ. ಸುಮಾರು ನಲವತ್ತು ಗಂಟೆಗಳ ಆಟ. ಆ ದಿನ ಗದ್ದೆಗೆ ಹೋಗಿ ನೀರು ಕಟ್ಟುವಾಗಲೂ ಅದೇ ಕಣ್ಣ ಮುಂದೆ ಬರುತ್ತಿತ್ತು.

ಆ ಮೇಲಿಂದ ಪ್ರತಿ ಮಿಷನ್ ಮುಗಿದ ಕೂಡಲೇ ಆಟದಿಂದ ಹೊರಬಂದು ಆ ಸೇವ್ ಫೋಲ್ಡರ್ ಅನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟುಕೊಳ್ಳುತ್ತೇನೆ. ಇದನ್ನೂ ಕಳ್ಳಾಟ ಎನ್ನುವಿರಾ?

ಕೋಡ್ ಕುಟ್ಟುವವ (ಹೆಬ್ಬಾಳ, ಮೈಸೂರು)

ಎನ್ನುವವರಿದ್ದಾರೆ. 1980ರ ರೋಗ್ ಎಂಬ ಆಟದಲ್ಲಿ ಸೇವ್ ಅನ್ನು ತೆರೆದ ಕೂಡಲೇ ಆ ಫೈಲ್ ಅಳಿಸಿಹೋಗುತ್ತಿತ್ತು, ಸತ್ತರೆ ಸತ್ತಂತೆಯೇ. ಆಗ ಜನ ಮಾಡಿದ್ದು ನೀವು ಮಾಡುವುದನ್ನೇ: ತೆರೆಯುವ ಮೊದಲು ಫೈಲ್‌ನ ನಕಲು ಇಟ್ಟುಕೊಳ್ಳುವುದು. ಕೆಲಸ ಒಂದೇ ಆದ್ದರಿಂದ ಹೊರಗಿನಿಂದ ನೋಡುವವರಿಗೆ ಯಾರು ಕರೆಂಟಿಗೆ ಹೆದರಿದವರು, ಯಾರು ಸಾವಿಗೆ ಹೆದರಿದವರು ಎಂದು ತಿಳಿಯುವುದಿಲ್ಲ.

ಕಬ್ಬಿನಗದ್ದೆ (ಮಂಡ್ಯ ತಾಲ್ಲೂಕು)

ಹೊರಗಿನವರಿಗೆ ತಿಳಿಯಬೇಕಾಗಿಲ್ಲ, ನನಗೆ ತಿಳಿದರೆ ಸಾಕು. ಪೆನ್‌ಡ್ರೈವ್‌ನಿಂದ ಈವರೆಗೆ ಎರಡೇ ಬಾರಿ ತೆಗೆದಿದ್ದೇನೆ, ಎರಡು ಬಾರಿಯೂ ಫೈಲ್ ಕೆಟ್ಟಿದ್ದಾಗ. ಚೌಕಾಬಾರದ ಅಕ್ಕ ಹೇಳಿದ ಹಾಗೆ, ಕವಡೆ ಜಗಲಿಯಿಂದ ಕೆಳಗೆ ಬಿದ್ದಾಗ ಮಾತ್ರ.

ರಾತ್ರಿಪಾಳಿ (ಮಂಡ್ಯ)

ನಾನು ಶುಶ್ರೂಷಕಿ. ರಾತ್ರಿ ಕೆಲಸ ಮುಗಿಸಿ ಬಂದು, ಮಗಳನ್ನು ಶಾಲೆಗೆ ಕಳುಹಿಸಿ, ನಿದ್ದೆ ಬರುವವರೆಗೆ ಮುಕ್ಕಾಲು ಗಂಟೆ ಆಡುತ್ತೇನೆ. ಇಲ್ಲಿ ಮಾತನಾಡುತ್ತಿರುವವರೆಲ್ಲ ಸೋತರೆ ಮತ್ತೆ ಮೊದಲಿಂದ ಆಡಲು ಸಮಯವಿರುವವರು. ನನಗಿಲ್ಲ. ಸಿವಿಲೈಸೇಷನ್‌ನ ಒಂದು ಆಟ ಮುಗಿಯಲು ನನಗೆ ಒಂದು ತಿಂಗಳು ಹಿಡಿಯುತ್ತದೆ. ಮೂರನೆಯ ವಾರದಲ್ಲಿ, ಕಣ್ಣು ಎಳೆಯುತ್ತಿರುವಾಗ, ತೋರಿಸಿದ ಮನೆಯ ಪಕ್ಕದ ಮನೆಯ ಮೇಲೆ ಕೈ ಒತ್ತಿ ಹೊಸ ಊರು ಕಟ್ಟಬೇಕಾದ ನನ್ನ ಸೆಟ್ಲರ್ ಕಾವಲಿಲ್ಲದೆ ಹೊರಗೆ ಹೋಗಿ ಸಿಕ್ಕಿಬಿದ್ದರೆ, ಅದನ್ನು ಲೋಡ್ ಮಾಡಿ ಸರಿಪಡಿಸಿಕೊಳ್ಳುವುದಕ್ಕೆ ನಾನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಕೆಲಸದಲ್ಲಿ ಒಂದು ಸಂಖ್ಯೆ ತಪ್ಪಿ ಬರೆದರೂ ಹಿಂದಕ್ಕೆ ಹೋಗಲು ಬರುವುದಿಲ್ಲ. ಮನೆಗೆ ಬಂದ ಮೇಲಾದರೂ ಹಿಂದಕ್ಕೆ ಹೋಗಬಹುದಾದ ಒಂದು ಜಾಗ ನನಗೆ ಬೇಕು.

ಚೌಕಾಬಾರ (ಶ್ರೀರಂಗಪಟ್ಟಣ)

ನಿಮ್ಮ ಮಾತು ನನ್ನನ್ನು ತಡೆದು ನಿಲ್ಲಿಸಿತು, ತಂಗಿ. ಕೈತಪ್ಪನ್ನು ಸರಿಪಡಿಸಿಕೊಳ್ಳುವುದನ್ನು ನಾನು ಕಳ್ಳಾಟ ಎಂದಿಲ್ಲ, ಎನ್ನುವುದೂ ಇಲ್ಲ. 2018ರ ಇನ್‌ಟು ದ ಬ್ರೀಚ್ ಆಟದಲ್ಲಿ ನಡೆಸಿದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಿಡುತ್ತಾರೆ, ಒಂದು ಕಾಳಗದಲ್ಲಿ ಒಮ್ಮೆ ಇಡೀ ಸರದಿಯನ್ನೇ ಮತ್ತೆ ಆಡಲು ಬಿಡುತ್ತಾರೆ. ಅದು ಬಹಳ ಹದವಾದ ಏರ್ಪಾಡು.

ಕೋಡ್ ಕುಟ್ಟುವವ (ಹೆಬ್ಬಾಳ, ಮೈಸೂರು)

ಅಲ್ಲಿ ಅದು ಹೊಂದುವುದಕ್ಕೆ ಕಾರಣವಿದೆ. ಆ ಆಟದಲ್ಲಿ ಗುರಿ ತಪ್ಪುವುದೆಂಬುದೇ ಇಲ್ಲ. ಶತ್ರು ಯಾವ ಮನೆಗೆ ಹೊಡೆಯುತ್ತಾನೆ ಎಂದು ಮೊದಲೇ ತೋರಿಸಿರುತ್ತಾರೆ. ಹಿಂದಕ್ಕೆ ಹೋದವನು ತನ್ನ ಯೋಚನೆಯನ್ನು ತಿದ್ದಿಕೊಳ್ಳುತ್ತಾನೆಯೇ ಹೊರತು ದಾಳವನ್ನು ಮತ್ತೆ ಉರುಳಿಸುವುದಿಲ್ಲ.

ಕುದುರೆನಡೆ (ಮೈಸೂರು)

ಇದೇ ವಿಚಾರವನ್ನು ಬೇರೆ ಕಡೆಯಿಂದ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳಲ್ಲಿ ಎಷ್ಟು ಆಸಕ್ತಿ ಇಟ್ಟಿದ್ದರೆಂಬುದು ನಮ್ಮ ಊರಿನವರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ. ಅವರು ಕುದುರೆ ನಡೆಯ ಸಮಸ್ಯೆಗಳನ್ನು ರಚಿಸಿದ್ದರು: ಚದುರಂಗದ 64 ಮನೆಗಳಲ್ಲಿ ಒಂದೊಂದಕ್ಕೂ ಕುದುರೆ ಒಮ್ಮೆ ಮಾತ್ರ ಹೋಗಿ ಎಲ್ಲವನ್ನೂ ಮುಗಿಸಬೇಕು.

ನಾನು ಕಾಗದದ ಮೇಲೆ ಪೆನ್ಸಿಲ್‌ನಿಂದ ಇದನ್ನು ಮಾಡುತ್ತೇನೆ. ಐವತ್ತೇಳನೆಯ ಮನೆಯಲ್ಲಿ ದಾರಿ ಮುಚ್ಚಿದರೆ ರಬ್ಬರ್ ಹಿಡಿದು ನಲವತ್ತನೆಯ ಮನೆಯವರೆಗೆ ಅಳಿಸಿ, ಬೇರೆ ದಿಕ್ಕಿಗೆ ಹೊರಡುತ್ತೇನೆ. ಇಲ್ಲಿ ಹಿಂದಕ್ಕೆ ಹೋಗುವುದೇ ವಿಧಾನ, ಅದನ್ನು ಬಿಟ್ಟರೆ ಸಮಸ್ಯೆ ಬಿಡಿಸಲು ಬೇರೆ ಹಾದಿಯೇ ಇಲ್ಲ. ಅದೇ ನಾನು ಎದುರಿಗೊಬ್ಬರನ್ನು ಕೂರಿಸಿಕೊಂಡು ಚದುರಂಗ ಆಡುವಾಗ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮಣೆ ಒಂದೇ, ಕುದುರೆ ಒಂದೇ, ಆದರೆ ಒಂದು ಸಮಸ್ಯೆ, ಇನ್ನೊಂದು ಕಾಳಗ.

ಕಂಪ್ಯೂಟರ್ ಆಟಗಳೂ ಈ ಎರಡು ಬಗೆಯವು, ಒಂದೇ ಆಟದೊಳಗೆ ಎರಡೂ ಬೆರೆತಿರುವುದುಂಟು. ದಂಡು ಕಟ್ಟಿ ಕಾದಾಡುವ ಏಜ್ ಆಫ್ ಎಂಪೈರ್ಸ್ 2ರ ಕ್ಯಾಂಪೇನ್‌ನಲ್ಲಿ (ಕಥೆಯಾಗಿ ಸಾಗುವ ಯುದ್ಧಗಳ ಸಾಲು) ಶತ್ರುಗಳ ದಂಡು ಎಲ್ಲಿ ಕಾದಿದೆ ಎಂದು ಮೊದಲ ಸಲ ಯಾರಿಗೂ ತಿಳಿಯುವುದಿಲ್ಲ. ಒಮ್ಮೆ ಪೆಟ್ಟು ತಿಂದು, ಲೋಡ್ ಮಾಡಿ, ಬೇರೆ ದಾರಿ ಹುಡುಕುವುದು ಅಲ್ಲಿ ಸಹಜ. ಎಕ್ಸ್‌ಕಾಮ್ ಹಾಗಲ್ಲ. ಅದು ಅಪಾಯವನ್ನು ತೂಗಿ, ಬಂದದ್ದನ್ನು ಹೊತ್ತುಕೊಂಡು ಮುಂದೆ ಹೋಗುವ ಆಟ. ಅಲ್ಲಿ ಅಳಿಸಿದರೆ ಆಟವೇ ಅಳಿಸಿಹೋಗುತ್ತದೆ.

ಹಳೇ ಸೈಬರ್ (ಮಂಡ್ಯ)

ಏಜ್ ಆಫ್ ಎಂಪೈರ್ಸ್ ಎಂದಿರಿ, ಇಪ್ಪತ್ತು ವರ್ಷ ಹಿಂದಕ್ಕೆ ಹೋದೆ. ಮಂಡ್ಯದಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಸೈಬರ್ ಕೆಫೆಯಲ್ಲಿ ಗಂಟೆಗೆ 15 ರೂಪಾಯಿ ಕೊಟ್ಟು ಆಡುತ್ತಿದ್ದೆವು. ಸೇವ್ ಮಾಡಿಟ್ಟರೆ ಮರುದಿನ ಬರುವಷ್ಟರಲ್ಲಿ ಬೇರೆ ಯಾರೋ ಅದೇ ಹೆಸರಿನಲ್ಲಿ ಅದರ ಮೇಲೆಯೇ ಬರೆದಿರುತ್ತಿದ್ದರು. ನಾನು ಸೇವ್‌ಗೆ "ವೈರಸ್" ಎಂದು ಹೆಸರಿಡುತ್ತಿದ್ದೆ, ಯಾರೂ ಮುಟ್ಟುತ್ತಿರಲಿಲ್ಲ. ಹಾಗೆ ಉಳಿಸಿಕೊಂಡ ಸೇವ್‌ನಿಂದ ಜೋನ್ ಆಫ್ ಆರ್ಕ್ ಕ್ಯಾಂಪೇನ್ ಮುಗಿಸಿದೆ. ಅದರಲ್ಲಿ ಎಷ್ಟು ಸಲ ಲೋಡ್ ಮಾಡಿದ್ದೆನೋ ಲೆಕ್ಕವಿಲ್ಲ, ಆದರೂ ಅದು ನನ್ನ ಗೆಲುವೇ ಎಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ.

ಚಾಲುಕ್ಯಪ್ರಿಯ (ಪಾಂಡವಪುರ)

ಸೋಲನ್ನು ಉಳಿಸಿಕೊಂಡರೆ ಏನು ಸಿಗುತ್ತದೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಇಲ್ಲಿ ಇದುವರೆಗೆ ನಷ್ಟದ ಮಾತೇ ಹೆಚ್ಚಾಯಿತು.

ರಾಜವಂಶವೊಂದನ್ನು ತಲೆಮಾರುಗಳವರೆಗೆ ನಡೆಸುವ ಕ್ರುಸೇಡರ್ ಕಿಂಗ್ಸ್ 2 ಆಟಕ್ಕೆ 2014ರಲ್ಲಿ ರಾಜಾಸ್ ಆಫ್ ಇಂಡಿಯಾ ಎಂಬ ವಿಸ್ತರಣೆ ಬಂದು ನಮ್ಮ ನೆಲವೂ ನಕ್ಷೆಗೆ ಸೇರಿತು. 1066ರಿಂದ ಚಾಲುಕ್ಯರನ್ನು ಹಿಡಿದು ಐರನ್‌ಮ್ಯಾನ್‌ನಲ್ಲಿ ಆಡಿದೆ. ಆ ಆಟದಲ್ಲಿ ಸಾಧನೆಗಳ ಪದಕ ಸಿಗಬೇಕಾದರೆ ಐರನ್‌ಮ್ಯಾನ್‌ನಲ್ಲಿಯೇ ಆಡಬೇಕು. ಮೂವತ್ತು ವರ್ಷ ಕಷ್ಟಪಟ್ಟು ರಾಜ್ಯ ಬೆಳೆಸಿದ ನಂತರ ದೊರೆ ಜ್ವರ ಬಂದು ತೀರಿಕೊಂಡ. ನೆಲ ಮಕ್ಕಳಲ್ಲಿ ಹಂಚಿಹೋಯಿತು. ನಮ್ಮ ತಾತ ತೀರಿಕೊಂಡಾಗ ಎಂಟು ಎಕರೆ ನಾಲ್ಕು ಪಾಲಾಗಿ, ಬಾವಿ ಒಬ್ಬರಿಗೆ, ತೆಂಗಿನ ತೋಟ ಒಬ್ಬರಿಗೆ, ದಾರಿ ಇನ್ನೊಬ್ಬರಿಗೆ ಸೇರಿದ ಹಾಗೆಯೇ ಆಯಿತು. ನಾನು ಆಡುತ್ತಿದ್ದ ಹಿರಿಮಗನ ಕೈಯಲ್ಲಿ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಲೋಡ್ ಮಾಡುವ ಹಾಗಿದ್ದರೆ ಆ ಕ್ಷಣದಲ್ಲಿ ಖಂಡಿತವಾಗಿ ಮಾಡುತ್ತಿದ್ದೆ.

ಆಮೇಲೆ ಕಿರಿಯವನು ಅಣ್ಣನ ಮೇಲೆ ದಂಡೆತ್ತಿ ಬಂದ. ನಿಜವಾದ ಇತಿಹಾಸದಲ್ಲಿಯೂ 1076ರಲ್ಲಿ ಆರನೆಯ ವಿಕ್ರಮಾದಿತ್ಯನು ಅಣ್ಣ ಎರಡನೆಯ ಸೋಮೇಶ್ವರನನ್ನು ಇಳಿಸಿ ಪಟ್ಟಕ್ಕೆ ಬಂದವನೇ ಅಲ್ಲವೇ. ನಾನು ಸೋತೆ, ಸೆರೆಯಾದೆ, ಒಂದು ಸಣ್ಣ ಸೀಮೆಯ ಒಡೆಯನಾಗಿ ಹದಿನೈದು ವರ್ಷ ಕಾದೆ, ಮೊಮ್ಮಗನ ಕಾಲದಲ್ಲಿ ಎಲ್ಲವನ್ನೂ ಮತ್ತೆ ಒಟ್ಟುಗೂಡಿಸಿದೆ. ಗೆದ್ದ ಹತ್ತು ಆಟಗಳಲ್ಲಿ ಒಂದೂ ನೆನಪಿಲ್ಲ, ಆ ಮೊಮ್ಮಗನ ಮುಖ ಇವತ್ತಿಗೂ ನೆನಪಿದೆ.

ಮದ್ದೂರಿನ ಮರಿಹುಲಿ

ಅದು ಕಥೆ ಕಟ್ಟುವ ಆಟ, ಅಣ್ಣ. ಅಲ್ಲಿ ಸೋಲೂ ಕಥೆಯಾಗುತ್ತದೆ. ಎಲ್ಲ ಆಟದಲ್ಲಿಯೂ ಸೋತ ಮೇಲೆ ಆಟ ಮುಂದುವರಿಯುವುದಿಲ್ಲ. ಫೈರ್ ಎಂಬ್ಲೆಮ್‌ನಲ್ಲಿ ನಾಯಕ ಸತ್ತರೆ ಆಟವೇ ಮುಗಿಯಿತು, ಉಳಿದವರು ಸತ್ತರೆ ಅವರ ಮಾತು, ಅವರ ಸ್ನೇಹ, ಅವರ ಕಥೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ನನಗೆ ಗೊತ್ತಿರುವ ಪ್ರತಿಯೊಬ್ಬರೂ ಒಬ್ಬ ಸತ್ತ ಕೂಡಲೇ ಅಧ್ಯಾಯವನ್ನು ಮೊದಲಿನಿಂದ ಆರಂಭಿಸುವವರೇ. ಅಂದ ಮೇಲೆ ಸಾವನ್ನು ಶಾಶ್ವತ ಮಾಡಿದ್ದರಿಂದ ಏನು ಉಪಯೋಗವಾಯಿತು?

ಲೆಕ್ಕದ ಮೇಡಂ (ಮೈಸೂರು)

ಬಹಳ ಒಳ್ಳೆಯ ಪ್ರಶ್ನೆ, ಆ ಸರಣಿಯವರೇ ಇದಕ್ಕೆ ಉತ್ತರ ಹುಡುಕುತ್ತಾ ಬಂದಿದ್ದಾರೆ. 1990ರ ಮೊದಲ ಆಟದಿಂದ ಸತ್ತವರು ಸತ್ತಂತೆಯೇ ಇತ್ತು. 2010ರ ನ್ಯೂ ಮಿಸ್ಟರಿ ಆಫ್ ದಿ ಎಂಬ್ಲೆಮ್‌ನಲ್ಲಿ, ಆಮೇಲೆ 2012ರ ಅವೇಕನಿಂಗ್‌ನಲ್ಲಿ, ಬಿದ್ದವರು ಮುಂದಿನ ಅಧ್ಯಾಯಕ್ಕೆ ಮರಳುವ ಕ್ಯಾಶುಯಲ್ ಆಯ್ಕೆಯನ್ನೂ ಕೊಟ್ಟರು. 2017ರ ಎಕೋಸ್‌ನಲ್ಲಿ, ಆಮೇಲೆ 2019ರ ತ್ರೀ ಹೌಸಸ್‌ನಲ್ಲಿ, ಕಾಲವನ್ನು ಹಿಂದಕ್ಕೆ ತಿರುಗಿಸುವ ಶಕ್ತಿಯನ್ನೇ ಆಟದೊಳಗೆ ಇಟ್ಟರು, ಆದರೆ ಎಣಿಸಿ ಕೊಟ್ಟರು. ಒಂದು ಕಾಳಗಕ್ಕೆ ಇಷ್ಟೇ ಬಾರಿ ಎಂದಾಗ ಆಡುವವನು "ಇದಕ್ಕೆ ಖರ್ಚು ಮಾಡಲೇ, ಮುಂದಿನದಕ್ಕೆ ಉಳಿಸಿಕೊಳ್ಳಲೇ" ಎಂದು ಯೋಚಿಸಬೇಕಾಗುತ್ತದೆ. ಹಿಂದಕ್ಕೆ ಹೋಗುವುದೂ ಒಂದು ತೀರ್ಮಾನವಾಯಿತು. ಲೋಡ್ ಬಟನ್‌ನಲ್ಲಿ ಇಲ್ಲದಿರುವುದು ಇದೇ: ಅದಕ್ಕೆ ಬೆಲೆಯಿಲ್ಲ.

ಮದ್ದೂರಿನ ಮರಿಹುಲಿ

ಇದನ್ನು ನಾನು ಒಪ್ಪುತ್ತೇನೆ. ಬೆಲೆ ಇಟ್ಟರೆ ನನ್ನ ತಕರಾರಿಲ್ಲ. ಆದರೆ ಬೆಲೆ ಎಷ್ಟೆಂದು ಆಡುವವನೇ ಹೇಳಬೇಕು, ತಮ್ಮನಲ್ಲ.

ಕುದುರೆನಡೆ (ಮೈಸೂರು)

ನಡುವೆ ಒಂದು ಮಾತು. ಹೀಗೆ ಮತ್ತೆ ಮತ್ತೆ ಲೋಡ್ ಮಾಡುವುದಕ್ಕೆ ಇಟ್ಟಿರುವ "ಸೇವ್ ಸ್ಕಮ್ಮಿಂಗ್" ಎಂಬ ಹೆಸರೇ ನನಗೆ ಹಿಡಿಸುವುದಿಲ್ಲ. ಸ್ಕಮ್ ಎಂದರೆ ನೀರಿನ ಮೇಲೆ ಕಟ್ಟುವ ಹೊಲಸು. ಶುಶ್ರೂಷಕಿ ತಾಯಿಯೊಬ್ಬರು ಮುಕ್ಕಾಲು ಗಂಟೆ ಆಡುವುದನ್ನು ಆ ಹೆಸರಿನಿಂದ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಕನ್ನಡದಲ್ಲಿ ಮಕ್ಕಳು ಹೇಳುವ "ವಾಪಸ್ ತಗೊಳ್ಳೋದು" ಎಂಬುದೇ ಎಷ್ಟೋ ಹಿತವಾಗಿದೆ.

ರಾತ್ರಿಪಾಳಿ (ಮಂಡ್ಯ)

ಧನ್ಯವಾದಗಳು, ಸರ್.

ಸೇನಾನಿಯ ತಮ್ಮ (ಮೈಸೂರು)

ಅಣ್ಣ ಈ ಪುಟವನ್ನು ತೋರಿಸಿದ, ಅದಕ್ಕೇ ಬರೆಯುತ್ತಿದ್ದೇನೆ. ನಾನು ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ದೊಡ್ಡವರ ನಡುವೆ ಮಾತನಾಡುತ್ತಿರುವುದಕ್ಕೆ ಕ್ಷಮೆಯಿರಲಿ.

ಅಣ್ಣ ನಿಯಮ ಮುರಿದ ಎಂದು ನನಗೆ ಕೋಪ ಬಂದದ್ದಲ್ಲ. ಸತ್ತವನ ಹೆಸರು ನನ್ನದು. ಅವನು ಮೊದಲ ಸಲ ಸತ್ತಾಗ ನನಗೆ ನಿಜವಾಗಿ ಎದೆ ಝಲ್ ಎಂದಿತು, ಅಣ್ಣನ ಮುಖವೂ ಸಪ್ಪಗಾದದ್ದನ್ನು ನೋಡಿದೆ. ಎರಡನೆಯ ಸಲ ಅಷ್ಟು ಅನ್ನಿಸಲಿಲ್ಲ. ಐದನೆಯ ಸಲ ಸತ್ತಾಗ ಅಣ್ಣ ಅವನು ಬೀಳುವುದನ್ನು ನೋಡುತ್ತಲೂ ಇರಲಿಲ್ಲ, ಬೀಳುವ ಮೊದಲೇ ಮೆನು ತೆರೆದಿದ್ದ. ಹನ್ನೊಂದನೆಯ ಸಲ ಬದುಕಿದಾಗ ನಮ್ಮಿಬ್ಬರಿಗೂ ಸಂತೋಷವಾಗಲಿಲ್ಲ, ಸದ್ಯ ಮುಗಿಯಿತು ಅನ್ನಿಸಿತು. ಆ ಆಟದ ಬ್ಯಾರಕ್ಸ್‌ನಲ್ಲಿ, ಅಂದರೆ ಯೋಧರ ಬಿಡಾರದಲ್ಲಿ, ಸತ್ತವರ ಹೆಸರು ಬರೆದಿಡುವ ಗೋಡೆಯೊಂದಿದೆ. ಆ ಗೋಡೆಯ ಮೇಲೆ ನನ್ನ ಹೆಸರು ಇದ್ದಿದ್ದರೆ, ಪ್ರತಿ ಸಲ ಬ್ಯಾರಕ್ಸ್‌ಗೆ ಹೋದಾಗ ಇಬ್ಬರೂ ನೋಡುತ್ತಿದ್ದೆವು. ನಾನು ಹೇಳಬೇಕೆಂದಿದ್ದದ್ದು ಇಷ್ಟೆ, ಹೇಳಲು ಬರದೆ "ನೀನು ಗೆದ್ದಿಲ್ಲ" ಎಂದುಬಿಟ್ಟೆ.

ಚೌಕಾಬಾರ (ಶ್ರೀರಂಗಪಟ್ಟಣ)

ಮಗು, ನಾವೆಲ್ಲ ಇಷ್ಟು ಹೊತ್ತು ಸುತ್ತಿದ್ದನ್ನು ನೀನು ನೇರವಾಗಿ ಹೇಳಿದೆ.

ಸರಸ್ವತಿಪುರದ ಸೇನಾನಿ (ಮೈಸೂರು)

ಅವನು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಮೆನು ಮೊದಲೇ ತೆರೆದದ್ದು ನಿಜ, ನನಗೆ ಅದು ಗಮನಕ್ಕೇ ಬಂದಿರಲಿಲ್ಲ.

ನಿನ್ನೆ ಭಾನುವಾರ ಇಬ್ಬರೂ ಸೇರಿ ಹೊಸ ಆಟ ಆರಂಭಿಸಿದೆವು. ಒಂದು ಮಿಷನ್ ಅವನು, ಒಂದು ಮಿಷನ್ ನಾನು. ಇಲ್ಲಿ ಹೇಳಿದ್ದರಲ್ಲಿ ನಮಗೆ ಹೊಂದುವುದನ್ನು ಆರಿಸಿ, ಒಂದು ಚೀಟಿಯಲ್ಲಿ ಬರೆದು ಮಾನಿಟರ್ ಅಂಚಿಗೆ ಅಂಟಿಸಿದ್ದೇವೆ. ಗುಂಡು ತಪ್ಪಿದ್ದಕ್ಕೆ ಲೋಡ್ ಇಲ್ಲ. ಯೋಧ ಸತ್ತಿದ್ದಕ್ಕೂ ಇಲ್ಲ. ಕೈತಪ್ಪಿ ಬೇರೆ ಮನೆಗೆ ಹೋದರೆ, ಶತ್ರುವಿನ ಸರದಿ ಬರುವ ಮೊದಲು, ಪಕ್ಕದಲ್ಲಿ ಕುಳಿತವನು ಒಪ್ಪಿದರೆ ಮಾತ್ರ ವಾಪಸ್. ಇಡೀ ತಂಡ ನಾಶವಾದರೆ ಮಿಷನ್ ಅನ್ನು ಮೊದಲಿನಿಂದ ಆಡಬಹುದು, ಆದರೆ ಇಡೀ ಆಟದಲ್ಲಿ ಎರಡೇ ಬಾರಿ.

ಕೋಡ್ ಕುಟ್ಟುವವ (ಹೆಬ್ಬಾಳ, ಮೈಸೂರು)

ಮಿಷನ್ ಅನ್ನು ಮೊದಲಿನಿಂದ ಮಾತ್ರ ಆಡುವ ಪದ್ಧತಿಗೆ ಎಕ್ಸ್‌ಕಾಮ್ ಆಡುವವರು ಬ್ರಾಂಜ್‌ಮ್ಯಾನ್ ಎಂದು ಹೆಸರಿಟ್ಟಿದ್ದಾರೆ, ಐರನ್‌ಮ್ಯಾನ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಎರಡೇ ಬಾರಿ ಎಂಬ ಮಿತಿ ನಿಮ್ಮದೇ ಸೇರ್ಪಡೆ, ಚೆನ್ನಾಗಿದೆ.

ಲೆಕ್ಕದ ಮೇಡಂ (ಮೈಸೂರು)

ಇನ್ನೊಂದು ಸಾಲು ಸೇರಿಸಿಕೊಳ್ಳಿ: ಗುಂಡು ಹಾರಿಸುವ ಮೊದಲು, ಅದು ತಪ್ಪಿದರೆ ಏನು ಮಾಡುತ್ತೇನೆ ಎಂದು ಪಕ್ಕದವನಿಗೆ ಗಟ್ಟಿಯಾಗಿ ಹೇಳಬೇಕು. ಇದರಿಂದ ಲೋಡ್ ಮಾಡಬೇಕೆನ್ನಿಸುವ ಸಂದರ್ಭಗಳೇ ಕಡಿಮೆಯಾಗುತ್ತವೆ.

ಸೇನಾನಿಯ ತಮ್ಮ (ಮೈಸೂರು)

ಬರೆದೆ, ಮೇಡಂ. ಒಂದು ಅನುಮಾನ ಉಳಿದಿದೆ. ನಿನ್ನೆ ಸಂಜೆ ಅಣ್ಣನ ಮಿಷನ್ ನಡುವೆ ಕರೆಂಟು ಹೋಯಿತು. ಬಂದ ಮೇಲೆ ಆಟೊಸೇವ್‌ನಿಂದ ತೆರೆದರೆ ಎರಡು ಸರದಿ ಹಿಂದೆ ಇತ್ತು, ಆಗಿನ್ನೂ ಅಣ್ಣನ ಹೆವಿ ಯೋಧ (ಭಾರಿ ಆಯುಧ ಹಿಡಿದವನು) ಸತ್ತಿರಲಿಲ್ಲ. ಈಗ ಅವನು ಬದುಕಿದ್ದಾನೆ. ಇದನ್ನು ಲೋಡ್ ಎಂದು ಎಣಿಸಬೇಕೇ? ಅಣ್ಣ ಎಣಿಸಬೇಕು ಎನ್ನುತ್ತಾನೆ, ನಾನು ಬೇಡ ಎನ್ನುತ್ತೇನೆ.

ಕಬ್ಬಿನಗದ್ದೆ (ಮಂಡ್ಯ ತಾಲ್ಲೂಕು)

ಎಣಿಸಬೇಡಿ. ಕವಡೆ ಜಗಲಿಯಿಂದ ಕೆಳಗೆ ಬಿದ್ದಿದೆ, ಮತ್ತೆ ಹಾಕಿ. ಯು.ಪಿ.ಎಸ್. ಬ್ಯಾಟರಿಯನ್ನು ಮಾತ್ರ ಈ ವಾರವೇ ಬದಲಾಯಿಸಿ.